ದೀಪಕ್ಕೊಂದು ಟೋಪಿ

ಇದನ್ನು ಬರೆಯುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡು ಎಷ್ಟೋ ವರ್ಷವಾಯಿತು. ಮಗಳ ಮದುವೆ ಮುಗಿಯಲಿ ಎಂದೆ, ಅಂಗಡಿ ಮುಚ್ಚಿದ ಮೇಲೆ ಎಂದೆ, ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಂದೆ. ಈಗ ನೆಪಗಳೆಲ್ಲ ಖಾಲಿಯಾಗಿವೆ. ಬರೆಯಲು ಕೂತರೆ ಮೊದಲು ಕಾಣುವುದು ನಮ್ಮ ರಸ್ತೆಯ ಮೂಲೆಮನೆಯವರ ಬಲಗೈ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಯಾವಾಗಲೂ ಬೂದಿ ಬಣ್ಣದ ನುಣುಪು ಪುಡಿ ಮೆತ್ತಿಕೊಂಡಿರುತ್ತಿತ್ತು. ಬಹಳ ದಿನ ಅದನ್ನು ಸೀಮೆಸುಣ್ಣ ಎಂದುಕೊಂಡಿದ್ದೆ. ಅದು ಪತಂಗಗಳ ರೆಕ್ಕೆಯ ಪುಡಿ.

ಜಯನಗರದಲ್ಲಿ ನಮ್ಮದು ಎರಡೂ ಬದಿಗೆ ಆಕಾಶಮಲ್ಲಿಗೆ ಮರಗಳಿದ್ದ ರಸ್ತೆ. ಬೆಳಗ್ಗೆ ಎದ್ದರೆ ರಸ್ತೆಯ ತುಂಬ ಉದ್ದ ತೊಟ್ಟಿನ ಬಿಳಿ ಹೂ ಬಿದ್ದಿರುತ್ತಿತ್ತು. ಹೆಣ್ಣುಮಕ್ಕಳು ಆಯ್ದುಕೊಂಡು ದಾರವಿಲ್ಲದೆ ಜಡೆ ಹೆಣೆಯುತ್ತಿದ್ದರು. ಆ ರಸ್ತೆಯ ಮೂಲೆಮನೆ ಅವರದು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ರಸ್ತೆಯ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ನಾನೊಬ್ಬ ಕರೆಯಲಿಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ ಸ್ವಂತ ಅಂಗಡಿ ಹಾಕಿದವನಿಗೆ ಒಂದು ಹಮ್ಮು ಇರುತ್ತದೆ. ಇವರು ನನಗೇನು ಪಾಠ ಹೇಳಿದ್ದಾರೆಯೇ ಎಂದುಕೊಂಡು ಎದುರಿಗೆ ಮೇಡಂ ಎನ್ನುತ್ತಿದ್ದೆ, ಹಿಂದೆ ಮೂಲೆಮನೆಯವರು ಎನ್ನುತ್ತಿದ್ದೆ.

ಸರ್ಕಲ್ ಹತ್ತಿರ ನನ್ನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಎಪ್ಪತ್ತರ ದಶಕದ ಕೊನೆಗೆ ನಮ್ಮ ಕಡೆ ಒಂದು ಹುಚ್ಚು ಹತ್ತಿತು. ಗೇಟಿನ ಎರಡು ಕಂಬದ ಮೇಲೂ ಹಾಲಿನ ಬಣ್ಣದ ಗುಂಡು ದೀಪ ಇಲ್ಲದಿದ್ದರೆ ಅದು ಮನೆಯೇ ಅಲ್ಲ. ಒಬ್ಬರು ಹಾಕಿಸಿದರೆ ಎದುರುಮನೆಯವರು ನಿದ್ದೆಗೆಡುತ್ತಿದ್ದರು. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ನಿವೃತ್ತ ಎಂಜಿನಿಯರು, ಅವರಂತೂ ಗೇಟಿಗೆ ಬೀದಿ ದೀಪದಂಥ ಮರ್ಕ್ಯುರಿ ದೀಪವನ್ನೇ ಹಾಕಿಸಿದರು. ಎಲ್ಲ ನನ್ನ ಅಂಗಡಿಯದೇ. ಸಂಜೆ ಆ ರಸ್ತೆಯಲ್ಲಿ ನಡೆದು ಬರುವಾಗ ನಾನೇ ಬೆಳಗಿದ ಊರು ಇದು ಎಂಬಂತೆ ಎದೆ ಉಬ್ಬುತ್ತಿತ್ತು.

ಮೂಲೆಮನೆಯವರು ಮಾತ್ರ ಹಾಕಿಸಲಿಲ್ಲ. ಬೆಳಗ್ಗೆ ಹೆಂಗಸರು ರಂಗೋಲಿ ಇಡುವ ಹೊತ್ತಿಗೆ ಕೈಯಲ್ಲೊಂದು ಮೊರ, ಮೋಟು ಪೊರಕೆ ಹಿಡಿದು ಗೇಟಿಂದ ಗೇಟಿಗೆ ಬರುತ್ತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ನೆಟ್ಟಗಿನ ಬೆನ್ನು. ದೀಪದ ಕೆಳಗೆ ಬಿದ್ದ ಹುಳುಗಳನ್ನು ಗುಡಿಸಿ ಮೊರಕ್ಕೆ ತುಂಬಿಕೊಳ್ಳುವುದು, ಅದರಲ್ಲಿ ಜೀವ ಇರುವುದನ್ನು ಎರಡು ಬೆರಳಲ್ಲಿ ಎತ್ತಿ ಮರದ ತೊಗಟೆಗೆ ಅಂಟಿಸುವುದು. ಅದೇ ಪುಡಿಯ ಗುಟ್ಟು.

"ನಮ್ಮನೆ ಕಸ ನೀವ್ಯಾಕೆ ಟೀಚರ್ ಗುಡಿಸ್ತೀರಾ? ಕೊಡಿ ಇಲ್ಲಿ," ಎಂದು ನನ್ನ ಹೆಂಡತಿ ನಾಚಿಕೆ ಪಟ್ಟುಕೊಂಡಳು.

"ಕಸ ಅಲ್ಲ ಕಣಮ್ಮ. ಮನೆ ಬಿಟ್ಟು ದಾರಿ ತಪ್ಪಿದೋರು. ಕತ್ತಲೆಗೂ ಒಂದು ಸಂಸಾರ ಇದೆ," ಎಂದರು.

ಒಳಗೆ ಹಲ್ಲುಜ್ಜುತ್ತಿದ್ದ ನಾನು ನಕ್ಕೆ. ಆ ಮಾತನ್ನು ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದೆ.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ವರ್ಷ ಜೋಗದ ಕಡೆ ಮಳೆ ಕೈಕೊಟ್ಟಿತು. ಕರೆಂಟಿಗೆ ಬರ ಬಂತು. ಮನೆಯ ಹೊರಗಿನ ದೀಪ, ಅಲಂಕಾರದ ದೀಪ ಯಾವುದನ್ನೂ ಉರಿಸಬಾರದು ಎಂದು ಸರ್ಕಾರದಿಂದ ಆರ್ಡರು ಬಂತು. ಅರ್ಧ ಜನ ಕೇಳಿದರು, ಅರ್ಧ ಜನ ನೋಡೋಣ ಬಿಡು ಎಂದು ಉರಿಸಿಕೊಂಡೇ ಇದ್ದರು. ಅಷ್ಟರಲ್ಲಿ ಒಬ್ಬ ಇನ್ಸ್‌ಪೆಕ್ಟರು ಬಂದು ಮನೆಮನೆಗೂ ಎಚ್ಚರಿಕೆ ಕೊಟ್ಟು ಹೋದರು. ಆಗ ಸಂಘದವರು ಭಾನುವಾರ ಬೆಳಗ್ಗೆ ರಾಮಮಂದಿರದಲ್ಲಿ ಸಭೆ ಕರೆದರು. ನಮ್ಮ ರಸ್ತೆಯಲ್ಲಿ ಕಳ್ಳರ ಭಯವಿದೆ, ನಮಗೆ ವಿನಾಯಿತಿ ಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಬೇಕೋ ಬೇಡವೋ ಎಂಬುದೇ ವಿಷಯ. ದೀಪದ ಪರವಾಗಿ ಮಾತಾಡುವವನು ನಾನು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಲ್ಲು ಸುತ್ತಿದ, ಮಾರಾಟವಾಗದ ಗುಂಡು ದೀಪಗಳು ತುಂಬಿಕೊಂಡಿದ್ದವು. ನನ್ನ ಗಂಟಲಿಗೆ ಬೇರೆ ಕಾರಣ ಬೇಕಿರಲಿಲ್ಲ.

ಉಪ್ಪಿಟ್ಟು, ಕಾಫಿ ಬರುತ್ತಿದ್ದ ಹೊತ್ತಿಗೆ ಮೂಲೆಮನೆಯವರು ಮೊರ ಹಿಡಿದುಕೊಂಡೇ ಒಳಗೆ ಬಂದರು. ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು.

"ಏನ್ ಟೀಚರ್, ಚಿತ್ರಾನ್ನ ತಂದಂಗಿದೆ?" ಎಂದರು ಅಧ್ಯಕ್ಷರು.

"ನಿಮ್ಮ ಗೇಟಿನ ಕೆಳಗೆ ಸಿಕ್ಕಿದ್ದು ಸಾರ್. ಇವತ್ತು ಬೆಳಗ್ಗೆದು," ಎಂದು ಬಟ್ಟೆ ತೆಗೆದು ಮೊರವನ್ನು ಮೇಜಿನ ಮೇಲಿಟ್ಟರು. ಕಂದು, ಹಸಿರು, ಬೂದಿ ಬಣ್ಣದ ಹುಳುಗಳು. ಒಂದು ಅಂಗೈಯಷ್ಟು ದೊಡ್ಡದು, ರೆಕ್ಕೆಯ ಮೇಲೆ ಕಣ್ಣಿನಂಥ ಬೊಟ್ಟು. ಪಕ್ಕದಲ್ಲಿದ್ದವರು ಉಪ್ಪಿಟ್ಟಿನ ತಟ್ಟೆಯನ್ನು ಸರಿಸಿಕೊಂಡರು.

"ಹುಳ ಸತ್ರೆ ಒಳ್ಳೇದೇ ಅಲ್ವಾ? ಸೊಳ್ಳೆ ಕಮ್ಮಿ ಆಗುತ್ತೆ," ಎಂದರು ಬ್ಯಾಂಕಿನಲ್ಲಿದ್ದ ಒಬ್ಬರು.

"ಇದ್ರಲ್ಲಿ ಒಂದೇ ಒಂದು ಸೊಳ್ಳೆ ಹುಡುಕಿಕೊಡಿ ಸಾರ್. ನಾನೇ ಬಂದು ನಿಮ್ಮನೆ ದೀಪ ಹಾಕ್ತೀನಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಅದೇ ಮೊರದಿಂದ ಆಕಾಶಮಲ್ಲಿಗೆಯ ಒಂದು ಹೂ ಎತ್ತಿ ತೋರಿಸಿದರು. "ಇದರ ಕೊಳವೆ ನೋಡಿ, ಎಷ್ಟುದ್ದ ಇದೆ. ಕತ್ತಲಾದ ಮೇಲೆ ಅರಳುತ್ತೆ. ತಳದಲ್ಲಿರೋ ಸಿಹಿ ಹೀರಬೇಕು ಅಂದ್ರೆ ಅಷ್ಟೇ ಉದ್ದದ ನಾಲಿಗೆ ಇರೋ ಪತಂಗ ಬೇಕು. ಅದು ಹೂವಿಗೆ ಬರೋ ಬದಲು ನಿಮ್ಮ ಗುಂಡಿಗೆ ಬಂದು, ಬೆಳಗಾಗೋವರೆಗೂ ಸುತ್ತಿ ಸುತ್ತಿ ಸಾಯ್ತಿದೆ. ಸರ್ಕಾರಕ್ಕೆ ಕರೆಂಟ್ ಉಳಿಸೋದು ಬೇಕು. ನನಗೆ ಬೇಕಾಗಿರೋದು ಕತ್ತಲೆ. ನಾಳೆ ಕರೆಂಟ್ ಬಂದ್ರೂ ನನಗೆ ಬೇಕು."

ಆಗ ಒಬ್ಬ ತಾಯಿ ಎದ್ದು ನಿಂತರು. "ನನ್ನ ಮಗಳು ಟೈಪಿಂಗ್ ಕ್ಲಾಸ್ ಮುಗಿಸಿಕೊಂಡು ಬರೋ ಹೊತ್ಗೆ ಕತ್ತಲಾಗಿರುತ್ತೆ ಟೀಚರ್. ಬೀದಿ ದೀಪ ಅರ್ಧ ಉರಿಯಲ್ಲ. ಹುಳಕ್ಕಿಂತ ಹುಡುಗಿ ದೊಡ್ಡೋಳಲ್ವಾ?"

ಮೂಲೆಮನೆಯವರು ಆ ತಾಯಿಯ ಕಡೆ ತಿರುಗಿದರು. ಹೂವನ್ನು ಕೆಳಗಿಟ್ಟರು. "ಖಂಡಿತ ದೊಡ್ಡೋಳು. ನಾನು ದೀಪಾನೇ ಬೇಡ ಅಂತಿಲ್ಲ ಕಣಮ್ಮ. ನಿಮ್ಮ ಮಗಳ ಕಾಲಿಗೆ ಬೆಳಕು ಬೀಳ್ಬೇಕು. ಈಗ ಬೀಳ್ತಿರೋದು ಅವಳ ಕಣ್ಣಿಗೆ, ಇನ್ನರ್ಧ ಆಕಾಶಕ್ಕೆ. ದೀಪಕ್ಕೊಂದು ಟೋಪಿ ಹಾಕ್ಸಿ, ಬೆಳಕು ಕೆಳಗೆ ಇಳಿಯುತ್ತೆ. ಮಗಳು ಮನೆ ಸೇರಿದ ಮೇಲೆ ಆರಿಸಿಬಿಡಿ. ಇಷ್ಟಕ್ಕೆ ಸರ್ಕಾರ ಒಪ್ಪೋದಾದ್ರೆ ಅರ್ಜಿಗೆ ನಾನೇ ಮೊದಲು ಸೈನ್ ಹಾಕ್ತೀನಿ."

ಆ ತಾಯಿ ತಲೆಯಾಡಿಸಿದರು. ಸಭೆ ಅವರ ಕಡೆ ವಾಲುತ್ತಿರುವುದು ನನಗೆ ಕಾಣಿಸಿತು.  ವಾದದಲ್ಲಿ ಸೋಲುವ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದೆ.

"ಮೇಡಂ, ಒಂದ್ ಮಾತು," ಎಂದು ಎದ್ದೆ. "ಮುಸ್ಸಂಜೆ ಬಾಗಿಲಲ್ಲಿ ದೀಪ ಇಡೋದು ಮನೆಗೆ ಬರೋರಿಗೋಸ್ಕರ. ಗಂಡ ಬರ್ತಾನೆ, ಮಕ್ಕಳು ಬರ್ತಾರೆ, ಲಕ್ಷ್ಮಿ ಬರ್ತಾಳೆ. ಬರೋರೇ ಇಲ್ಲದ ಮನೆಗೆ ಬೆಳಕೇನು, ಕತ್ತಲೆ ಏನು?"

ಗಂಡಸರು ಗೊಳ್ಳೆಂದರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ನನ್ನ ಹೆಂಡತಿ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿದ್ದು ಕಂಡಿತು. ಮೂಲೆಮನೆಯವರು ತಮ್ಮ ಎರಡು ಬೆರಳುಗಳನ್ನು ನೋಡಿಕೊಂಡರು, ಒಂದಕ್ಕೊಂದು ತಿಕ್ಕಿಕೊಂಡರು. "ಕೈ ಎತ್ತಿಸಿ ಸಾರ್, ಹೊತ್ತಾಯ್ತು," ಎಂದರು ಅಧ್ಯಕ್ಷರಿಗೆ. ಅರ್ಜಿ ಹಾಕಬೇಕೆಂದೇ ಹೆಚ್ಚು ಕೈ ಎದ್ದವು. ಅವರು ಮೊರಕ್ಕೆ ಬಟ್ಟೆ ಮುಚ್ಚಿ, ಬೆನ್ನು ಬಗ್ಗಿಸದೆ ಮೆಟ್ಟಿಲಿಳಿದು ಹೋದರು.

ದಾರಿಯಲ್ಲಿ ಹೆಂಡತಿ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ಮುಂದೆ ನಡೆದಳು. ನಾನು ಗೆದ್ದ ಖುಷಿಯಲ್ಲಿದ್ದೆ.

ಅರ್ಜಿಯನ್ನು ಸರ್ಕಾರ ಒಪ್ಪಲಿಲ್ಲ. ಇನ್ಸ್‌ಪೆಕ್ಟರು ಮತ್ತೆ ಬಂದು ಅಧ್ಯಕ್ಷರ ಮನೆಗೇ ಮೊದಲು ದಂಡ ಹಾಕಿದರು. ಅಲ್ಲಿಗೆ ಗುಂಡುಗಳೆಲ್ಲ ಆರಿದವು. ಒಂದು ಸಂಜೆ ಅಂಗಡಿಯಿಂದ ಬರುತ್ತಿದ್ದೆ. ರಸ್ತೆ ನನಗೆ ಗುರುತೇ ಸಿಗದಂತಿತ್ತು. ತಲೆಯ ಮೇಲೆ ಹೂವಿನ ವಾಸನೆ. ಮೂಲೆಗೆ ಬಂದಾಗ ಅವರ ಮನೆಯ ಬಾಗಿಲ ಪಕ್ಕ, ಗೋಡೆಯ ಗೂಡಿನಲ್ಲಿ, ಒಂದು ಎಣ್ಣೆಯ ಹಣತೆ ಉರಿಯುತ್ತಿತ್ತು.

ನನ್ನ ಮಾತು ನಾಟಿ, ಹೊಸದಾಗಿ ಇಟ್ಟಿದ್ದಾರೆ ಎಂದುಕೊಂಡೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಹೊಸದಾ? ಅವರಮ್ಮ ಇದ್ದಾಗಿಂದಾನೂ ದಿನಾ ಹಚ್ತಾರ್ರೀ," ಎಂದಳು. "ಇಷ್ಟು ದಿನ ನಿಮ್ಮ ದೀಪಗಳ ಮುಂದೆ ಅದು ಎಲ್ಲಿ ಕಾಣ್ಬೇಕು?"

ನಾನು ಚಪ್ಪಲಿ ಬಿಟ್ಟಿರಲಿಲ್ಲ. ಹಾಗೇ ವಾಪಸು ಹೋಗಿ ಅವರ ಗೇಟಿನಲ್ಲಿ ನಿಂತೆ. ತಪ್ಪಾಯ್ತು ಎಂದರೆ ಮುಗಿಯುತ್ತಿತ್ತು.  ಅಷ್ಟರಲ್ಲಿ ಅವರು ಹೊರಗೆ ಬಂದರು, ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಯಾರು? ಓ, ನೀವಾ! ಒಳ್ಳೇ ಹೊತ್ತಿಗೆ ಬಂದ್ರಿ. ನಿಮ್ಮಿಂದ ಒಂದು ಕೆಲಸ ಆಗ್ಬೇಕಿತ್ತಲ್ಲ," ಎಂದು ಒಳಗಿಂದ ಎಣ್ಣೆ ಡಬ್ಬ ಕತ್ತರಿಸಿ ಮಾಡಿದ ಒಂದು ತಗಡಿನ ಟೋಪಿ ತಂದರು. "ಮಾಡಕ್ಕೆ ಹೋಗಿ ಕೈ ಕುಯ್ಕೊಂಡೆ. ಇದನ್ನ ನಿಮ್ಮ ಗುಂಡಿಗೆ ಕೂರೋ ಹಾಗೆ ನೀಟಾಗಿ ಮಾಡಿಸ್ತೀರಾ?"

"ದೀಪಾನೇ ಹಾಕೋ ಹಾಗಿಲ್ಲ, ಈಗ್ಯಾಕೆ ಮೇಡಂ ಟೋಪಿ?"

"ಆರ್ಡರು ಡ್ಯಾಮ್ ತುಂಬೋವರೆಗೆ ಕಣ್ರೀ. ಒಂದು ಮಳೆ ಬಿದ್ರೆ ನೀವು ಮತ್ತೆ ಎಲ್ಲಾ ಉರಿಸ್ತೀರ. ಅಷ್ಟರೊಳಗೆ ಟೋಪಿ ರೆಡಿ ಇರ್ಬೇಕು. ಬೇರೆಯವರು ಮಾಡಿದ್ರೆ ಈ ರಸ್ತೇಲಿ ಯಾರೂ ಹಾಕಲ್ಲ. ನೀವು ಹೇಳಿದ್ರೆ ಹಾಕ್ತಾರೆ."

ಸಭೆಯಲ್ಲಿ ಅವರನ್ನು ಹಾಗೆ ಅಂದವನನ್ನೇ ಅವರು ಆರಿಸಿಕೊಂಡಿದ್ದರು. ನಾನು ಟೋಪಿ ತೆಗೆದುಕೊಂಡೆ, ಅಂಚು ಎಷ್ಟು ಕೆಳಗೆ ಇಳಿಯಬೇಕು ಎಂದು ಕೇಳಿದೆ, ಬಂದುಬಿಟ್ಟೆ.  ಅವರು ಸಭೆಯ ಮಾತನ್ನು ಮರೆತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮರೆಯುವಂಥ ಮಾತಲ್ಲ ಅದು.

ತಗಡಿನ ಕೆಲಸದವನ ಹತ್ತಿರ ಕೂತು ಟೋಪಿ ಮಾಡಿಸಿದೆ. ಹೊರಗೆ ಹಸಿರು ಬಣ್ಣ, ಒಳಗೆ ಬಿಳಿ. ಮಳೆ ಬಂತು, ಡ್ಯಾಮ್ ತುಂಬಿತು, ಆರ್ಡರು ಹೋಯಿತು. ಮೊದಲ ಟೋಪಿ ನಮ್ಮ ಗೇಟಿಗೇ ಹಾಕಿದೆ. "ಇಷ್ಟು ದಿನ ನಮಗೆ ಹಾಕ್ತಿದ್ದ, ಈಗ ದೀಪಕ್ಕೂ ಟೋಪಿ ಹಾಕ್ದ ಗುರು!" ಎಂದು ಸರ್ಕಲ್ಲಿನಲ್ಲಿ ನಗಾಡಿದರು. ನಗಲಿ ಎಂದುಕೊಂಡೆ. ಟೈಪಿಂಗ್ ಹುಡುಗಿಯ ತಾಯಿ ಎರಡನೆಯದು ಹಾಕಿಸಿದರು, ಆಮೇಲೆ ಬ್ಯಾಂಕಿನವರು. ಅಧ್ಯಕ್ಷರು ಮರ್ಕ್ಯುರಿ ದೀಪ ತೆಗೆಸಿ ಸಾಧಾರಣ ಬಲ್ಬಿಗೆ ಬಂದರು. ಮನೆಯವರೆಲ್ಲ ಸೇರಿದ ಮೇಲೆ ಹೊರಗಿನ ದೀಪ ಆರಿಸುವುದು ನಮ್ಮ ರಸ್ತೆಯ ರೂಢಿಯಾಯಿತು. ಸರ್ಕಾರ ಹೇಳದೆ, ದಂಡ ಇಲ್ಲದೆ. ಇಡೀ ಜಯನಗರದಲ್ಲಿ ಅಂಥದೊಂದು ರಸ್ತೆ ಇದ್ದರೆ ಅದು ನಮ್ಮದು ಎಂದು ಇಂದಿಗೂ ನಾನು ಮೀಸೆ ತಿರುವಿ ಹೇಳುತ್ತೇನೆ.

ಸಂಜೆ ಅವರು, ಪತಂಗ ಬೆದರದಿರಲಿ ಎಂದು ಟಾರ್ಚಿಗೆ ಕೆಂಪು ಜೆಲಟಿನ್ ಕಾಗದ ಕಟ್ಟಿಕೊಂಡು, ಮಕ್ಕಳನ್ನು ಮರದ ಕೆಳಗೆ ನಿಲ್ಲಿಸುತ್ತಿದ್ದರು. ನನ್ನ ಮಗಳೂ ಹೋಗುತ್ತಿದ್ದಳು. ಒಮ್ಮೆ ನಾನೂ ಹಿಂದೆ ನಿಂತೆ. ದಪ್ಪ ಮೈಯ ಒಂದು ಪತಂಗ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ದಾರದಂಥ ನಾಲಿಗೆ ಬಿಚ್ಚಿ ಕೊಳವೆಯೊಳಗೆ ಇಳಿಸಿತು. "ನೋಡಿದ್ರಾ?" ಎಂದು ಅವರು ಪಿಸುಗುಟ್ಟಿದರು. ಮಕ್ಕಳನ್ನು ಕೇಳಿದರೋ ನನ್ನನ್ನು ಕೇಳಿದರೋ ತಿಳಿಯಲಿಲ್ಲ. ಹೂಂ ಎಂದೆ.

ಬನಶಂಕರಿ, ಜೆ.ಪಿ. ನಗರದ ಸಂಘದವರು ನೋಡಿ ಹೋಗಲು ಬಂದರು. ಇದು ಯಾರ ಕೆಲಸ ಎಂದು ಕೇಳಿದಾಗ ಮೂಲೆಮನೆಯವರು ನನ್ನನ್ನು ಮುಂದೆ ತಳ್ಳಿದರು. "ಇವರದು. ನಮ್ಮ ರಸ್ತೆ ದೀಪದೋರು." ಬಂದವರು ನನ್ನ ಕೈ ಕುಲುಕಿದರು. ಇಲ್ಲ, ಇವರದು ಎನ್ನಬಹುದಿತ್ತು.  ಕುಲುಕಿಸಿಕೊಂಡೆ.

ಆ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಆಕಾಶಮಲ್ಲಿಗೆಯ ಕಾಲ. ಹಿಂದಿನ ದಿನವೂ ಸ್ಕೂಲಿಗೆ ಹೋಗಿ ಬಂದಿದ್ದರಂತೆ. ನೋಡಲು ಬಂದವರ ಸಾಲು ರಸ್ತೆಯ ಇನ್ನೊಂದು ತುದಿ ಮುಟ್ಟಿತ್ತು. ಅವರಲ್ಲಿ ಓದಿದ ಹೆಂಗಸರು ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಬರೋರೇ ಇಲ್ಲದ ಮನೆ ಎಂದಿದ್ದೆ ನಾನು. ಆ ಜನದ ನಡುವೆ ನನಗೆ ನಿಲ್ಲಲು ಜಾಗ ಸಿಗಲಿಲ್ಲ.

ಮುಸ್ಸಂಜೆಗೆ ಎಲ್ಲರೂ ಹೋದ ಮೇಲೆ ಗೂಡು ಕತ್ತಲಾಗಿತ್ತು. "ನೀವೇ ಹೋಗಿ ಹಚ್ಚಿ," ಎಂದಳು ಹೆಂಡತಿ. ಹೋಗಿ ಹಣತೆಗೆ ಎಣ್ಣೆ ಹಾಕಿ, ಬತ್ತಿ ಹೊಸೆದು ಹಚ್ಚಿದೆ. ಮೈಸೂರಿನಿಂದ ಬಂದಿದ್ದ ಅವರ ತಮ್ಮನ ಮಗ ಹೊಸಿಲಲ್ಲಿ ನಿಂತು ನೋಡುತ್ತಿದ್ದ.

"ನೀವು ನಮ್ಮತ್ತೆ ಸ್ಟೂಡೆಂಟಾ ಸಾರ್?" ಎಂದು ಕೇಳಿದ.

"ಹೌದಪ್ಪ," ಎಂದೆ.

ಆ ಮನೆ ಈಗ ಇಲ್ಲ. ಟೋಪಿಗಳೂ ತುಕ್ಕು ಹಿಡಿದು ಹೋದವು, ನನ್ನ ಗೇಟಿನದೊಂದು ಮಾತ್ರ ಉಳಿದಿದೆ. ಊಟಕ್ಕೆ ಕೂರುವ ಮೊದಲು ಹೊರಗೆ ಹೋಗಿ ಆ ದೀಪ ಆರಿಸಿ, ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅವರು ಇರುವವರೆಗೂ ಹೇಳದೆ ಉಳಿಸಿಕೊಂಡ ಮಾತು ಆಗ ಬಾಯಿಗೆ ಬರುತ್ತದೆ, ಅದರ ಜೊತೆಗೆ ಅವರ ಕಿವಿಗೆ ನಾನು ಒಮ್ಮೆಯೂ ಬೀಳಿಸದ ಹೆಸರೂ ಬರುತ್ತದೆ. ತಪ್ಪಾಯ್ತು, ಟೀಚರ್.