ಹಿತ್ತಾಳೆಯ ಹಲ್ಲು

ಇಂಥ ಮಾತನ್ನು ಬೇರೆ ಯಾರಾದರೂ ನನ್ನೆದುರು ಹೇಳಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ದೆವ್ವ, ಗಾಳಿ, ಶಕುನ ಯಾವುದರಲ್ಲಿಯೂ ನನಗೆ ನಂಬಿಕೆ ಇರಲಿಲ್ಲ. ಈಗ ಬಂದಿದೆ ಎಂದೂ ಹೇಳಲಾರೆ. ಆಯುಷ್ಯದ ಬಹುಭಾಗ ಲೇಥ್ ಯಂತ್ರದ ಮುಂದೆ ನಿಂತು ಕಳೆದವನು ನಾನು. ಉಕ್ಕು ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ, ಅಳತೆ ತಪ್ಪಿದರೆ ಕೂಡುವುದಿಲ್ಲ. ನನಗೆ ಗೊತ್ತಿದ್ದ ಜಗತ್ತು ಅಷ್ಟೇ. ಆದರೂ ಔರಾದದಲ್ಲಿ ಒಂದು ಮಧ್ಯಾಹ್ನ ನನ್ನ ಅಂಗೈ ಮೇಲೆ ಕಂಡದ್ದನ್ನು ಇವತ್ತಿನವರೆಗೂ ಯಾವ ಅಳತೆಗೂ ಕೂಡಿಸಲು ನನ್ನಿಂದ ಆಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮ್ಮದು.

ಭಾರತದ ಸೇನೆ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರನೆಯ ವರ್ಷ. ನಾವಿನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದೆವು. ಗಲಾಟೆಯ ಕಾಲದಲ್ಲೆಲ್ಲ ನಾನು ಸೊಲ್ಲಾಪುರದ ಗಿರಣಿಯೊಂದರಲ್ಲಿ ದುಡಿಯುತ್ತಿದ್ದೆ. ಎಲ್ಲ ತಣ್ಣಗಾದ ಮೇಲೆ ಬೀದರಿಗೆ ಮರಳಿ, ಹಳೆಯ ಲೇಥ್ ಒಂದನ್ನು ಹಾಕಿಕೊಂಡು ಸಣ್ಣ ಅಂಗಡಿ ತೆರೆದಿದ್ದೆ. ಒಂದು ದಿನ ಔರಾದದಿಂದ ಒಬ್ಬ ಹೆಣ್ಣುಮಗಳು ಎತ್ತಿನ ಬಂಡಿಯಲ್ಲಿ ಮೋಟಾರ್ ಸೈಕಲ್ಲಿನ ಎಂಜಿನ್ ಹೇರಿಕೊಂಡು ಬಂದು ಅಂಗಡಿಯ ಮುಂದೆ ಇಳಿದರು. ಹೆಸರು ಸುಶೀಲಾಬಾಯಿ. ಔರಾದದ ಸುತ್ತಲಿನ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸುವ ಸರಕಾರಿ ದಾಯಿ.

ಆ ಮೋಟಾರ್ ಸೈಕಲ್ ಅವರ ಗಂಡನದು. ಗಂಡ ಮಾಣಿಕರಾವ್ ಊರೂರು ತಿರುಗಿ ಸಿಡುಬಿನ ಲಸಿಕೆ ಹಾಕುತ್ತಿದ್ದವರು. ಪೊಲೀಸ್ ಆಕ್ಷನ್ನಿಗೆ ಮುಂಚಿನ ಗದ್ದಲದಲ್ಲಿ ಆಯುಧ ಹಿಡಿದ ಗುಂಪುಗಳು ಕಂಡವರ ಗಾಡಿಗಳನ್ನೆಲ್ಲ ಕಸಿದುಕೊಂಡು ಹೋಗುತ್ತಿದ್ದಾಗ, ಅವರು ಹಗ್ಗ ಕಟ್ಟಿ ಇದನ್ನು ಹೊಲದ ಬಾವಿಗೆ ಇಳಿಸಿದರು. ಮರುದಿನ ಬೆಳಿಗ್ಗೆ ಭಾಲ್ಕಿಗೆ ಹೋಗಿ ರೈಲು ಹಿಡಿಯುತ್ತೇನೆಂದು ನಡೆದು ಹೊರಟವರು ತಿರುಗಿ ಬರಲಿಲ್ಲ. ಸತ್ತರೆಂದು ಯಾರೂ ಹೇಳಲಿಲ್ಲ, ಇದ್ದಾರೆಂದೂ ಹೇಳಲಿಲ್ಲ. ಆ ವರ್ಷದ ಬೇಸಿಗೆಗೆ ಬಾವಿ ಬತ್ತಿ, ಕೆಸರಿನಲ್ಲಿ ಗಾಡಿಯ ಹ್ಯಾಂಡಲ್ ಕಂಡಿತ್ತು.

“ಅವರು ಬರೂತನ ಮುಟ್ಟಬಾರದಂತ ಮಾಡಿದ್ದೆರಿ,” ಎಂದರು ಸುಶೀಲಾಬಾಯಿ. “ಆದ್ರ ಹೋದ ತಿಂಗಳ ಒಬ್ಬಾಕಿ ಹೆರಿಗಿ ಬ್ಯಾನಿ ತಿನ್ಕೋತ, ನಾ ಹೋಗಿ ಮುಟ್ಟೂದ್ರಾಗ ಜೀವಾ ಬಿಟ್ಳು. ಎತ್ತಿನ ಬಂಡಿ ಎಷ್ಟಂತ ಓಡ್ತದರಿ? ಇದನ್ನ ನಡಸಾಕ ನನಗ ಬರ್ತದ. ಅವರೇ ಕಲಿಸ್ಯಾರ.”

ನಾನು ಹೂಂ ಎಂದೆ. ಅದೇ ನಾನು ಮಾಡಿದ ತಪ್ಪು. ಬಾವಿಗೆ ಬೀಳುವ ಮೊದಲೇ ಆ ಗಾಡಿಗೆ ಇಪ್ಪತ್ತೈದು ವರ್ಷವಾಗಿತ್ತು. ವಿಲಾಯತಿ ಗಾಡಿ; ಮಾಡಿದವರೇ ಅದನ್ನು ಮರೆತಿದ್ದರು. ಬಿಡಿಭಾಗಗಳಿಗಾಗಿ ಮುಂಬಯಿಗೆ ಬರೆದ ನಾಲ್ಕು ಕಾಗದಗಳಿಗೆ ಒಂದೇ ಉತ್ತರ ಬಂತು, ಅದೂ ಇಲ್ಲ ಎಂದು. ಹೈದರಾಬಾದಿನ ಹಳೇ ಸಾಮಾನಿನ ಬಜಾರಿಗೆ ಎರಡು ಸಲ ಹೋಗಿ, ಎರಡು ಸಲವೂ ಯಾವುದಕ್ಕೂ ಕೂಡದ ಸಾಮಾನು ತಂದೆ. ಪೆಟ್ರೋಲ್ ಇಳಿಯುವ ಕಾರ್ಬ್ಯುರೇಟರಿನ ಡಬ್ಬಿಯನ್ನು ತುಕ್ಕು ಪೂರ್ತಿ ತಿಂದುಹಾಕಿತ್ತು. ಕೊನೆಗೆ ಬಿದರಿ ಕೆಲಸದ ಉಸ್ತಾದರೊಬ್ಬರ ಕಾಲು ಹಿಡಿದು ಸತುವಿನಲ್ಲಿ ಎರಕ ಹೊಯ್ಯಿಸಿದೆ. ಮೂರು ಸಲ ಬಿರುಕು ಬಿಟ್ಟಿತು. “ಹೂದಾನಿ ಮಾಡೋ ಕೈಲಿ ಇದೆಂಥ ತೂತಿನ ಡಬ್ಬಿ ಮಾಡಸ್ತೀ ಮಿಯಾ, ಮತ್ತ ಈ ಕಡಿ ಬರಬ್ಯಾಡ,” ಎಂದು ನಾಲ್ಕನೆಯದನ್ನು ನನ್ನ ಕೈಗಿಟ್ಟು ಅಟ್ಟಿಬಿಟ್ಟರು.

ಇದೆಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಒಂದು ಸಣ್ಣ ಹಲ್ಲಿನ ಗಾಲಿ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಎಂಬ ಭಾಗವನ್ನು ತಿರುಗಿಸುವ ಗಾಲಿ ಅದು. ರೂಪಾಯಿಗಿಂತ ತುಸು ದೊಡ್ಡದು, ಇಪ್ಪತ್ತೆರಡು ಹಲ್ಲು. ಹೊರಗಿನ ಮುಚ್ಚಳ ಭದ್ರವಾಗಿತ್ತು, ತಿರುಪುಗಳೆಲ್ಲ ಇದ್ದವು, ಒಳಗೆ ಗಾಲಿ ಮಾತ್ರ ಇರಲಿಲ್ಲ.

“ಇದನ್ನ ಯಾರೋ ಬಿಚ್ಚಿ ತಗದಾರ ಬಾಯಿ. ತಾನಾಗಿ ಬೀಳೂದಲ್ಲ,” ಎಂದೆ.

“ನನಗ ಗೊತ್ತಿಲ್ರಿ. ನೀವು ಹೊಸಾದು ಮಾಡ್ರಿ,” ಎಂದರು.

ಹೊಸದು ಮಾಡುವುದೇನು ಸುಲಭವೆ? ನಕ್ಷೆಯಿಲ್ಲ, ಮಾದರಿಯಿಲ್ಲ. ಜೊತೆಯ ಗಾಲಿಯ ಹಲ್ಲು ಎಣಿಸಿ, ನಡುವಿನ ಅಂತರ ಅಳೆದು, ಮುರಿದ ಲಾರಿಯೊಂದರ ಆಕ್ಸಲ್ ಕಡಿದು ಶುರುಮಾಡಿದೆ. ಹಲ್ಲು ಕೊರೆಯುವ ಯಂತ್ರ ಬೀದರಿನಲ್ಲಿ ಎಲ್ಲಿತ್ತು? ಒಂದೊಂದು ಹಲ್ಲನ್ನೂ ಅರದಿಂದ ಕೈಯಲ್ಲೇ ಉಜ್ಜಬೇಕು. ಮೊದಲನೆಯದು ತಿರುಗಲೇ ಇಲ್ಲ. ಎರಡನೆಯದು ಸಡಿಲ. ಮೂರನೆಯದನ್ನು ಹದ ಮಾಡಲು ನೀರಿಗೆ ಹಾಕಿದಾಗ ಸೀಳಿತು. ಹೀಗೆ ಏಳು ಗಾಲಿಗಳು ಹಾಳಾದವು, ಐದು ತಿಂಗಳು ಹೋದವು. ಊಟಕ್ಕೆ ಕೂತರೂ ಬೆರಳು ಹಲ್ಲು ಎಣಿಸುತ್ತಿದ್ದವು. ಮನೆಯಲ್ಲಿ ಯಾರು ಮಾತಾಡಿಸಿದರೂ ಸಿಡುಕುತ್ತಿದ್ದೆ.

ಎಂಟನೆಯದು ಸರಿಯಾಗಿ ಬಂತು. ಅಚ್ಚಿಗೆ ಕೂಡಿಸಲು ಮೆಲ್ಲಗೆ ಬಡಿದೆ. ಒಂದು ಹಲ್ಲು ಚಟ್ಟನೆ ಹಾರಿತು. ಗಾಲಿಯನ್ನು ಅಚ್ಚಿಗೆ ಬಿಗಿಯುವ ಬೆಣೆ ಕೂರಲು ನಡುವಿನ ತೂತಿನಲ್ಲಿ ಕೊರೆದ ಬೆಣೆಗಂಡಿಯಿಂದ ಎಣಿಸಿದರೆ ನಾಲ್ಕನೆಯ ಹಲ್ಲು. ನನಗೆ ಅಳು ಬರುವುದೊಂದು ಬಾಕಿ. ಮತ್ತೆ ಮೊದಲಿನಿಂದ ಮಾಡುವ ಶಕ್ತಿ ಉಳಿದಿರಲಿಲ್ಲ. ಮುರಿದ ಜಾಗವನ್ನು ಸಮ ಮಾಡಿ, ಬಿಳಿಗಾರ ಹಾಕಿ ಹಿತ್ತಾಳೆ ಕರಗಿಸಿ ಹೊಯ್ದು, ಹಳದಿ ಹಲ್ಲೊಂದನ್ನು ಉಜ್ಜಿ ರೂಪಿಸಿದೆ. ಕೊನೆಯ ಎಳೆತದಲ್ಲಿ ಅರ ಜಾರಿ, ಆ ಹಲ್ಲಿನ ಬುಡದಿಂದ ನಡುವಿನ ತೂತಿನವರೆಗೆ ಓರೆಯಾಗಿ ಒಂದು ಗೀರು ಬಿತ್ತು. ಗೀರಿನ ತುದಿ ಮೀನಿನ ಗಾಳದ ಹಾಗೆ ಬಾಗಿತ್ತು. ಸಿಟ್ಟಿನಿಂದ ಅರವನ್ನು ಗೋಡೆಗೆ ಎಸೆದೆ. ಗಾಲಿಯನ್ನು ಮಾತ್ರ ಇಟ್ಟುಕೊಂಡೆ.

ಗಾಡಿಯ ಮೈ ಔರಾದದಲ್ಲೇ ಇತ್ತು. ಎಂಜಿನ್ ಒಯ್ದು ಅವರ ಅಂಗಳದಲ್ಲಿ ಕೂಡಿಸಿದೆ. ಒದ್ದು ಒದ್ದು ನನ್ನ ಮೊಣಕಾಲು ಸೋತಿತು. ಇನ್ನೊಮ್ಮೆ ನೋಡೋಣವೆಂದು ಒದ್ದಾಗ ಕೆಮ್ಮಿತು, ಹೊಗೆ ಬಿಟ್ಟಿತು, ಆಮೇಲೆ ಗುಡುಗುಡು ಶುರುವಾಯಿತು. ಸುಶೀಲಾಬಾಯಿ ಸೀರೆಯ ಕಚ್ಚೆ ಬಿಗಿದುಕೊಂಡು ಹತ್ತಿ ಕೂತರು. ಓಣಿಯ ಜನ ಬಾಯಿ ತೆರೆದು ನೋಡುತ್ತಿದ್ದಂತೆ ಭಾಲ್ಕಿಯ ದಾರಿ ಹಿಡಿದು ಎರಡು ಮೈಲಿ ಹೋಗಿ ತಿರುಗಿ ಬಂದರು. ಅವರ ಮುಖದ ತುಂಬ ಧೂಳು. ಕಣ್ಣಿನ ಕೆಳಗೆ ಮಾತ್ರ ಎರಡು ಒದ್ದೆ ಗೆರೆ.

ನಾನು ಕೈ ತೊಳೆದು ಚಹಾ ಕುಡಿಯುತ್ತಿದ್ದೆ. ಆಗ ಕಂಬಳಿ ಹೊದ್ದ ಕುರುಬನೊಬ್ಬ ಏದುಸಿರು ಬಿಡುತ್ತ ಅಂಗಳಕ್ಕೆ ಬಂದ. ವಯಸ್ಸಾದ ಮನುಷ್ಯ. ಹೆಸರು ಬೀರಪ್ಪ ಎಂದು ಆಮೇಲೆ ತಿಳಿಯಿತು. ಕುರಿಗಳನ್ನು ಅಡವಿಯಲ್ಲೇ ಬಿಟ್ಟು ಓಡಿ ಬಂದಿದ್ದ.

“ರಾವಸಾಹೇಬ್ರು ಬಂದಾರೇನ್ರಿ?” ಎಂದು ಮಾಣಿಕರಾವ್ ಅವರನ್ನು ಹುಡುಕುವಂತೆ ಸುತ್ತ ನೋಡಿದ. “ಗಾಡಿ ಸಪ್ಪಳ ಕೇಳ್ದೆರಿ.”

ಸುಶೀಲಾಬಾಯಿ, “ಅವರನ್ನ ನೀ ಎಲ್ಲಿ ಕಂಡಿದ್ದಿ?” ಎಂದು ಕೇಳಿದರು.

“ಭಾಲ್ಕಿ ದಾರ್‍ಯಾಗರಿ. ನಡಕೋತ ಹೊಂಟಿದ್ರು. ‘ಇದನ್ನ ಇಟ್ಟಿರು ಬೀರಪ್ಪ, ನನ್ನ ಗಾಡಿ ಸಪ್ಪಳ ಕೇಳ್ದ ದಿನ ಮನಿಗಿ ತಂದು ಕೊಡು, ಅದಕ್ಕಿಂತ ಮೊದಲ ಯಾರಿಗೂ ತೋರಸಬ್ಯಾಡ’ ಅಂದ್ರು. ಮೂರು ವರ್ಷಾತರಿ, ನಾ ಯಾರಿಗೂ ತೋರ್ಸಿಲ್ಲ.”

ಸೊಂಟದ ಚೀಲದಿಂದ ಎಣ್ಣೆ ಕುಡಿದ ಒಂದು ಬಟ್ಟೆಯ ಗಂಟು ತೆಗೆದು ಕೊಟ್ಟ. ಬಿಚ್ಚಿದರೆ ಒಳಗೆ ಹಲ್ಲಿನ ಗಾಲಿ. ಬಾವಿಯಿಂದ ಯಾರಾದರೂ ಎತ್ತಿದರೂ ಗಾಡಿ ಓಡಬಾರದೆಂದು ಮಾಣಿಕರಾವ್ ಬಿಚ್ಚಿಕೊಂಡು ಹೋಗಿದ್ದ ಗಾಲಿ ಅದು. ಅದಿಲ್ಲದೆ ಓಡದ ಗಾಡಿಯ ಸಪ್ಪಳ ಕೇಳಿದ ದಿನ ತಂದು ಕೊಡು ಎಂದು ಅವರು ಹೇಳಿದ್ದೇಕೆ ಎಂಬುದೂ ನನಗೆ ಇಂದಿಗೂ ಬಗೆಹರಿದಿಲ್ಲ. ಸುಶೀಲಾಬಾಯಿ ಅದನ್ನು ನನ್ನ ಕೈಗೆ ಕೊಟ್ಟರು.

ಇಪ್ಪತ್ತೆರಡು ಹಲ್ಲು. ಬೆಣೆಗಂಡಿಯಿಂದ ನಾಲ್ಕನೆಯದು ಹಿತ್ತಾಳೆಯದು. ಅದರ ಬುಡದಿಂದ ತೂತಿನವರೆಗೆ ಓರೆ ಗೀರು; ತುದಿ ಗಾಳದ ಹಾಗೆ ಬಾಗಿತ್ತು.

ಇದು ನನ್ನದೇ, ಯಾವಾಗಲೋ ಬಿಚ್ಚಿದ್ದೇನೆ ಎಂದುಕೊಂಡು ಎಂಜಿನ್ನಿನ ಮುಚ್ಚಳ ತೆಗೆದೆ. ನನ್ನದು ಒಳಗೇ ಇತ್ತು, ಇನ್ನೂ ಬಿಸಿಯಾಗಿತ್ತು. ಬಿಚ್ಚಿ ತಂದು ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡೆ. ಸುಶೀಲಾಬಾಯಿ ಎರಡನ್ನೂ ಎತ್ತಿಕೊಂಡು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿ ತಿರುಗಿ ಕೊಟ್ಟರು. ಅಷ್ಟರಲ್ಲಿ ನನ್ನದರ ಬಿಸಿ ಆರಿತ್ತು. ಯಾವುದು ನನ್ನ ಕೈಯಿಂದ ಆದದ್ದು, ಯಾವುದು ಮೂರು ವರ್ಷ ಕುರುಬನ ಚೀಲದಲ್ಲಿದ್ದದ್ದು ಎಂದು ಐದು ತಿಂಗಳು ಅದನ್ನೇ ಧ್ಯಾನಿಸಿದ್ದ ನನಗೇ ತಿಳಿಯಲಿಲ್ಲ.

ಕಾರಣ ಹುಡುಕದೆ ಇರಲಿಲ್ಲ. ಬೆಣೆಗಂಡಿಯ ಹತ್ತಿರ ಉಕ್ಕು ತೆಳುವಾಗಿರುತ್ತದೆ, ಆ ಕಡೆಯ ಹಲ್ಲು ಯಾರ ಕೈಯಲ್ಲಾದರೂ ಮುರಿದೀತು, ಒಪ್ಪುತ್ತೇನೆ. ಮುರಿದರೆ ಹಿತ್ತಾಳೆ ಹೊಯ್ಯುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತು, ಅದನ್ನೂ ಒಪ್ಪುತ್ತೇನೆ. ಆದರೆ ಜಾರಿದ ಅರದ ಗೀರು? ಅದು ನಾನು ಬೇಕೆಂದು ಮಾಡಿದ್ದಲ್ಲ. ಅಂಗಡಿಗೆ ಮರಳಿ ಹಾಳಾದ ಗಾಲಿಗಳ ಮೇಲೆ ಅದೇ ಅರವನ್ನು ಬೇಕೆಂದೇ ಜಾರಿಸಿ ನೋಡಿದೆ. ಒಂದು ಸಲವೂ ಆ ತಿರುವು ಬರಲಿಲ್ಲ.

ಅಂದು ಸುಶೀಲಾಬಾಯಿ ನನ್ನನ್ನು ದಿಟ್ಟಿಸಿ ನೋಡಿ ಕೇಳಿದ್ದರು: “ನೀವು ಅವರನ್ನ ಎಲ್ಲಿ ಕಂಡಿದ್ರಿ?”

“ಇಲ್ಲ ಬಾಯಿ, ನಾ ಅವರನ್ನ ಕಂಡೇ ಇಲ್ಲ.”

“ಕಾಣದ ಇದನ್ನ ಹ್ಯಾಂಗ ಮಾಡಿದ್ರಿ?”

ಎರಡರಲ್ಲಿ ಕೈಗೆ ಬಂದದ್ದನ್ನು ಗಾಡಿಗೆ ಹಾಕಿ ಬೀದರಿಗೆ ಹೊರಟುಬಂದೆ. ಅವರು ಆ ಗಾಡಿಯಲ್ಲಿ ಎಷ್ಟೋ ವರ್ಷ ಹಳ್ಳಿಹಳ್ಳಿ ತಿರುಗಿದರು. ಎಷ್ಟು ಕೂಸುಗಳು ಅವರ ಕೈಯಲ್ಲಿ ಹುಟ್ಟಿದವೋ ಲೆಕ್ಕವಿಲ್ಲ. ದುರಸ್ತಿಗೆಂದು ವರ್ಷಕ್ಕೊಮ್ಮೆಯೋ ಎರಡು ಸಲವೋ ನನ್ನ ಅಂಗಡಿಗೆ ಬರುತ್ತಿದ್ದರು. ಹೋಗುವ ಮುಂಚೆ ಪ್ರತಿ ಸಲವೂ ಅದೇ ಪ್ರಶ್ನೆ. ಪ್ರತಿ ಸಲವೂ ನನ್ನದು ಅದೇ ‘ಇಲ್ಲ’. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ, ಯಾರಿಗೋ ಮಾತು ಕೊಟ್ಟಿದ್ದೇನೆ ಎಂದು ಅವರು ನಂಬಿಬಿಟ್ಟಿದ್ದರು. ನಿಜ ಹೇಳಿಯೂ ಸುಳ್ಳುಗಾರನ ಹಾಗೆ ಅವರೆದುರು ನಿಲ್ಲುವುದು ನನಗೆ ಎಷ್ಟು ಬೇಸರವೆನಿಸುತ್ತಿತ್ತೆಂದರೆ, ಅವರ ಗಾಡಿಯ ಸಪ್ಪಳ ಕೇಳಿದರೆ ಹಿಂದಿನ ಬಾಗಿಲಿನಿಂದ ಹೊರಟುಬಿಡಲೇ ಅನಿಸುತ್ತಿತ್ತು.

ಕೊನೆಯ ಸಲ ಬಂದಾಗ ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದರು: “ನಾ ಸಿಟ್ಟಾಗಂಗಿಲ್ರಿ. ಅವರು ಎಲ್ಲ್ಯಾರ ಬ್ಯಾರೆ ಸಂಸಾರ ಹೂಡಿದ್ರೂ ನಡೀತದ. ಹುಡುಕ್ಕೊಂಡು ಹೋಗಂಗಿಲ್ಲ. ಕಂಡೀರೋ ಇಲ್ಲೋ, ಅಷ್ಟು ಹೇಳ್ರಿ ಸಾಕು.”

ಸೊಲ್ಲಾಪುರದ ಗಿರಣಿಯಲ್ಲಿ ನನ್ನ ಜೊತೆ ದುಡಿದವರು, ರೈಲಿನಲ್ಲಿ ಎದುರು ಕೂತವರು, ಅರ ಹಿಡಿಯುವುದನ್ನು ನೋಡುತ್ತ ಪಕ್ಕದಲ್ಲಿ ನಿಂತಿದ್ದವರು, ಹೆಸರು ಕೇಳದೆ ಬಿಟ್ಟ ಎಷ್ಟೋ ಮುಖಗಳು ಒಮ್ಮೆಲೇ ಕಣ್ಣಮುಂದೆ ಬಂದವು. ಅವುಗಳಲ್ಲಿ ಒಂದು ಮಾಣಿಕರಾವ್ ಅವರದಾಗಿರಲಿಲ್ಲ ಎಂದು ಹೇಗೆ ಹೇಳಲಿ? ಸುಶೀಲಾಬಾಯಿ ಕಾಯುತ್ತ ನಿಂತೇ ಇದ್ದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.