ಅಕ್ಕ ಹೇಳಿದಳೆಂದು ತಿಂದ ಸೊಪ್ಪು

ವೈಯೋಲಾಳನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಅದನ್ನು ಮುಚ್ಚಿಟ್ಟು ಅವಳ ಬಗ್ಗೆ ಬರೆದರೆ ಸುಳ್ಳಾಗುತ್ತದೆ.

ರಾಬಿನ್‌ವೇಲ್‌ನ ದ್ರಾಕ್ಷಿ ತೋಟದಲ್ಲಿ ಸುಗ್ಗಿ ಕೆಲಸಕ್ಕೆ ಸಮುದ್ರ ದಾಟಿ ಬಂದ ನಾವು ಟೋಂಗಾ ದ್ವೀಪದವರು ಹದಿನಾರು ಜನ, ಒಂದೇ ಬಿಡಾರ. ಏಳು ಸುಗ್ಗಿಯಿಂದ ಅಡುಗೆಮನೆ ನನ್ನದು. ಮನೆ ಬಿಟ್ಟು ಬಂದವರಿಗೆ ಕುರಿಯ ಕೊಬ್ಬಿನ ಮಾಂಸ, ಡಬ್ಬಿ ಗೋಮಾಂಸ, ತೆಂಗಿನ ಹಾಲಲ್ಲಿ ಮುಳುಗಿದ ಕೆಸುವಿನ ಗೆಡ್ಡೆ ಗುಡ್ಡೆ ಹಾಕಿ ಬಡಿಸುವುದೇ ಪ್ರೀತಿ ಅಂತ ನಂಬಿದ್ದವಳು ನಾನು. ದೊಡ್ಡವರ ತಟ್ಟೆಗೆ ದೊಡ್ಡ ತುಂಡು. ತಂಡದ ಮೇಸ್ತ್ರಿ ನನ್ನ ತಮ್ಮ ಫೆಲೆಟಿ, ಹಾಗಾಗಿ ಎಲ್ಲಕ್ಕಿಂತ ಕೊಬ್ಬಿರುವ ತುಂಡು ಅವನಿಗೆ.

ಈ ಸಲ ನಮ್ಮ ದೇಶದ್ದೇ ಹಾಪೈ ದ್ವೀಪಗಳಿಂದ ವೈಯೋಲಾ ಬಂದಳು. ಐವತ್ತರ ವಿಧವೆ. ಗಂಡ ಸಕ್ಕರೆ ಕಾಯಿಲೆಗೆ ಮೊದಲು ಕಾಲು, ಆಮೇಲೆ ಪ್ರಾಣ ಕೊಟ್ಟಿದ್ದನಂತೆ. ದಿನವಿಡೀ ದ್ರಾಕ್ಷಿ ಗೊಂಚಲು ಕತ್ತರಿಸಿ ಬಂದು, ವಾರಕ್ಕೆ ಮೂರು ದಿನ ಅಡುಗೆ ನಾನು ಮಾಡುತ್ತೇನೆ ಅಂದಳು. ನನ್ನ ಸೊಂಟ ಹಿಡಿದುಕೊಂಡಿತ್ತು, ಒಪ್ಪಿದೆ. ಅವಳ ಅಳತೆಯೇ ಬೇರೆ. ಅರ್ಧ ತಟ್ಟೆ ಸೊಪ್ಪು, ಕುಂಬಳ, ಕೋಸು. ಮುಷ್ಟಿಯಷ್ಟು ಗೆಣಸು, ಅಂಗೈಯಷ್ಟು ಮೀನು. ಕುಡಿಯಲು ಬರೀ ನೀರು.

"ಇದೇನೇ, ನಮ್ಮನ್ನ ಮೇಯೋಕೆ ಬಿಟ್ಟಿದೀಯಾ?" ಅಂದ ದಢೂತಿ ಸೈಯೋನೆ.

"ಮೇಯಿ ಮಾರಾಯ, ಕೊಂಬೇನೂ ಬರಲ್ಲ," ಅಂದಳು ವೈಯೋಲಾ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಮಾತಿಗೆ ಯಾರೂ ಹಾಗೆ ನಕ್ಕಿದ್ದಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಮಧ್ಯಾಹ್ನ ಬಳ್ಳಿಯ ಕೆಳಗೆ ತೂಕಡಿಸುವವರೇ ಇಲ್ಲ. ಸೈಯೋನೆ ಎರಡನೇ ಸಲ ಸೊಪ್ಪು ಹಾಕಿಸಿಕೊಂಡ. ವಾರಪೂರ್ತಿ ಅವಳೇ ಮಾಡಲಿ ಅಂದರು. ನನ್ನ ಪಾಲಿಗೆ ಪಾತ್ರೆ ತೊಳೆಯುವುದು ಉಳಿಯಿತು.

ಅದನ್ನೂ ಸಹಿಸುತ್ತಿದ್ದೆನೇನೋ. ಆದರೆ ನಾನು ಎತ್ತಿ ಆಡಿಸಿದ ಫೆಲೆಟಿ ಅವಳು ಹಾಕಿದ್ದನ್ನು ಒಂದೆಲೆ ಬಿಡದೆ ತಿನ್ನುತ್ತಿದ್ದ. ಅವನ ರಕ್ತದಲ್ಲಿ ಸಕ್ಕರೆ ಏರಿತ್ತು. ತಿಂಗಳೊಳಗೆ ಇಳಿಯದಿದ್ದರೆ ಊರಿಗೆ ವಾಪಸು ಅಂತ ನರ್ಸ್ ಹೇಳಿಹೋಗಿದ್ದಳು. ಇಳಿದರೆ ಹೆಸರು ಯಾರಿಗೆ? ಅವಳಿಗೆ. ಅವನ ಮನಸ್ಸಲ್ಲಿ ಏನಿದೆಯೋ ಕೇಳುವ ಹಾಗೂ ಇರಲಿಲ್ಲ. ನಮ್ಮ ಟೋಂಗಾ ರೂಢಿಯಲ್ಲಿ ವಯಸ್ಸಿಗೆ ಬಂದ ತಮ್ಮ ಅಕ್ಕನ ಎದುರು ಕೂತು ಹರಟುವುದಿಲ್ಲ, ತಲೆ ಎತ್ತಿ ನೋಡುವುದೂ ಇಲ್ಲ. ಅಕ್ಕ ಕೊಟ್ಟದ್ದನ್ನು ಬೇಡ ಅನ್ನುವಂತೆಯಂತೂ ಇಲ್ಲವೇ ಇಲ್ಲ.

ಮಂಗಳವಾರ ಮರುಪರೀಕ್ಷೆ. ಭಾನುವಾರ ಚರ್ಚಿನಿಂದ ಎಲ್ಲರಿಗಿಂತ ಮೊದಲೇ ಬಂದು ಒಲೆ ಹಿಡಿದೆ. ಅತಿ ದಪ್ಪ ಕೊಬ್ಬಿನ ತುಂಡು, ಅದರ ಮೇಲೆ ಡಬ್ಬಿ ಮಾಂಸ, ತೆಂಗಿನ ಹಾಲು. ಎಲ್ಲರೂ ಬಂದು ಕೂತಾಗ ತಟ್ಟೆಯನ್ನು ನಾನೇ ಫೆಲೆಟಿಯ ಮುಂದಿಟ್ಟೆ. ಅವನಿಗೆ ಒಳ್ಳೆಯದಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಇಟ್ಟೆ.

ಅವನು ತಲೆ ತಗ್ಗಿಸಿಕೊಂಡೇ ಪಕ್ಕದಲ್ಲಿ ನಿಂತಿದ್ದ ವೈಯೋಲಾಳನ್ನು ಮೆಲ್ಲಗೆ ಕೇಳಿದ. "ವೈಯೋಲಾ, ಇನ್ನು ಸೊಪ್ಪು ಸಾಕು ಅಂತ ಅಕ್ಕ ಅಂದ್ಲಾ? ಸೊಪ್ಪು ಹಾಕು ಅಂತ ಅಕ್ಕನೇ ಹೇಳಿರೋದು ಅಂದಿದ್ಯಲ್ಲ. ಅದಕ್ಕೇ ಕಣ್ಮುಚ್ಕೊಂಡು ತಿಂತಿದ್ದೆ."

ವೈಯೋಲಾ ನೆಲ ನೋಡಿದಳು. ನಾನು ಯಾವತ್ತೂ ಹಾಗೆ ಹೇಳಿರಲೇ ಇಲ್ಲ; ಅವಳು ನಿಜ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಕಡೇಪಕ್ಷ ನಕ್ಕಿದ್ದರೆ ಅವಳನ್ನು ದ್ವೇಷಿಸಲು ನನಗೆ ಸುಲಭವಾಗುತ್ತಿತ್ತು.

ಫೆಲೆಟಿ ತುತ್ತಿಗೆ ಕೈ ಹಾಕಿದ್ದ. ನಾನು ತಟ್ಟೆ ಎಳೆದುಕೊಂಡೆ. "ಇದು ಸೈಯೋನೆದು ಕಣೋ, ಮರೆತು ನಿಂಗಿಟ್ಟೆ. ವೈಯೋಲಾ, ಇವನಿಗೆ ದಿನಾ ಕೊಡೋದನ್ನೇ ಮಾಡಿ ಕೊಡೇ."

ಮಂಗಳವಾರ ಅವನ ಸಕ್ಕರೆ ಇಳಿದಿತ್ತು. ಸಂಜೆ ಊಟಕ್ಕೆ ಮುಂಚೆ ಎದ್ದು ನಿಂತು, "ನಮ್ಮಕ್ಕ ಹೇಳಿದ ಊಟದಿಂದ ಉಳ್ಕೊಂಡೆ," ಅಂದ. ಹದಿನಾಲ್ಕು ಜನ ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿದರು. ವೈಯೋಲಾಳೂ ಒದ್ದೆ ಕೈ ಒರೆಸಿಕೊಂಡು ತಟ್ಟಿದಳು.

ನಾನು ತಲೆ ಬಾಗಿಸಿ ಅದನ್ನು ಸ್ವೀಕರಿಸಿದೆ. ಅದು ಅವಳಿಗೆ ಸಲ್ಲಬೇಕಾದ ಚಪ್ಪಾಳೆ ಅಂತ ಇವತ್ತಿಗೂ ಯಾರಿಗೂ ಹೇಳಿಲ್ಲ.