ಕಿತ್ತಳೆ ದೀಪದ ಮೇಲೆ ಅಂಟಿಸಿದ ಬೊಟ್ಟು

ಮೊನ್ನೆ ಮಗಳ ಜಾಮಿಟ್ರಿ ಬಾಕ್ಸಿನ ಮುಚ್ಚಳ ತೆಗೆದೆ, ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ತಮ್ಮ ಶಾಲೆ ನೆನಪಾಗುತ್ತದೋ ಏನೋ. ನನಗೆ ನೆನಪಾದದ್ದು ಹೊನ್ನಾಳಿಯ ಸ್ಕ್ಯಾನಿಂಗ್ ಸೆಂಟರು, ಅಲ್ಲಿದ್ದ ಸರ್ವರ್ ಕಂಪ್ಯೂಟರು, ಮತ್ತೆ ಸರ್ವಿಸ್ ಅಣ್ಣ... ಮುಚ್ಚಳ ಹಾಕಿಟ್ಟೆ. ಹಾಕಿದರೂ ವಾಸನೆ ಹೋಗಲಿಲ್ಲ.

ನನ್ನ ಮದುವೆಗೆ ಮುಂಚಿನ ಮಾತು. ಆ ಸೆಂಟರಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಎಂದು ಹೆಸರಿಗೆ. ಟೋಕನ್ ಕೊಡುವುದು, ರಿಪೋರ್ಟ್ ತೆಗೆಯುವುದು, ಡಾಕ್ಟರ್ ಮೇಡಂ ಹತ್ತಿರ ಬೈಸಿಕೊಳ್ಳುವುದು, ಎಲ್ಲಾ ನನ್ನ ತಲೆಗೇ. ಸರ್ವರ್ ನೋಡಿಕೊಳ್ಳಲು ಬರುತ್ತಿದ್ದವರು ಸರ್ವಿಸ್ ಅಣ್ಣ, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಊರಿಗೆ ಅವರ ಕಂಪನಿ ಇಟ್ಟಿದ್ದು ಅವರೊಬ್ಬರನ್ನೇ. ಸೋಮವಾರ ಜಗಳೂರು, ಗುರುವಾರ ನಮ್ಮ ಹೊನ್ನಾಳಿ. ಬಂದವರೇ ಬೈಕಿನ ಧೂಳು ಮೆತ್ತಿದ ಮುಖ ತೊಳೆದು, ಸರ್ವರ್ ಆಫ್ ಮಾಡಿ, ಒಳಗಿನ ಮೆಮೊರಿ, ಅಂದರೆ ರ‍್ಯಾಮ್ ಪಟ್ಟಿ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಕೊಳೆ ಹೋಗಲೆಂದು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ರಬ್ಬರಿನ ಪುಡಿಯೆಲ್ಲ ನನ್ನ ಟೇಬಲ್ ಮೇಲೆ. ಒರೆಸುವವಳು ನಾನು.

"ಅಣ್ಣಾ, ಇಷ್ಟು ದೊಡ್ಡ ಮೆಷಿನ್ನಿಗೆ ನಿಮ್ಮ ಔಷಧಿ ಇದೇನಾ?" ಎಂದು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು, ಉಜ್ಜುವುದು ನಿಲ್ಲಿಸುತ್ತಿರಲಿಲ್ಲ.

ಆ ಸರ್ವರಿನ ಮುಂಭಾಗದಲ್ಲಿ ಒಂದು ಪುಟ್ಟ ದೀಪ ಇತ್ತು. ಎಲ್ಲ ಸರಿ ಇದ್ದರೆ ಹಸಿರು, ಇಲ್ಲದಿದ್ದರೆ ಕಿತ್ತಳೆ. ನಮ್ಮಲ್ಲಿ ವಾರಕ್ಕೊಮ್ಮೆ ಕಿತ್ತಳೆ. ಕಂಪ್ಯೂಟರೇನೋ ಚೆನ್ನಾಗೇ ನಡೆಯುತ್ತಿತ್ತು, ಮತ್ತೆ ಈ ದೀಪದ್ದೇನು ಗೋಳು ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಇದರಾಗೆ ಇಬ್ರು ಅದಾರೆ ತಂಗಿ," ಎಂದರು. "ನಿನಗೆ ಪರದೆ ಮ್ಯಾಲೆ ಕಾಣೋದು ಆಪರೇಟಿಂಗ್ ಸಿಸ್ಟಂ. ಅದಕ್ಕಿಂತ ಕೆಳಗೆ, ಬೋರ್ಡಿನಾಗೆ ಫರ್ಮ್‌ವೇರ್ ಅಂತ ಐತೆ. ರ‍್ಯಾಮ್ ಒಂದು ಅಕ್ಷರ ತಪ್ಪಿದ್ರೆ ಕೆಳಗೇ ಸರಿ ಆಗಿಬಿಡುತ್ತೆ, ಮ್ಯಾಲಿನವನಿಗೆ ಗೊತ್ತೇ ಆಗಲ್ಲ. ಆದ್ರೆ ಕೆಳಗಿನವನು ಲೆಕ್ಕ ಇಡ್ತಾನೆ. ತಪ್ಪು ಜಾಸ್ತಿ ಆದ್ರೆ ಲಾಗ್ ಅನ್ನೋ ಲೆಕ್ಕದ ಪಟ್ಟಿಯಾಗೆ ಬರೆದು ದೀಪ ಹಚ್ತಾನೆ. ನನ್ನ ಕೈಲಿ ಇನ್ನು ಆಗಾಕಿಲ್ಲ, ನೋಡ್ರಿ ಅಂತ."

ಹಾಗಾದರೆ ಹೊಸ ರ‍್ಯಾಮ್ ಹಾಕಿ ಎಂದೆ. ಅದಕ್ಕೂ ಕಂಪನಿಯ ಕಟ್ಟಳೆ ಇತ್ತು. ಆ ಲಾಗ್ ಪಟ್ಟಿಯಲ್ಲಿ ಸಾಕಷ್ಟು ಸಲ ದೂರು ಬಿದ್ದಿರಬೇಕು, ಅದರ ಫೋಟೋ ಕಳಿಸಿದರೆ ಮಾತ್ರ ಹೊಸದು ಬರುತ್ತದೆ, ಅಲ್ಲಿಯವರೆಗೆ ರಬ್ಬರೇ ಗತಿ. ಅವರು ಬೇರೆ ಊರಿನಲ್ಲಿದ್ದಾಗ ನಾನು ಲಾಗ್ ಓದಿ ಫೋನಿನಲ್ಲಿ ಹೇಳಲಿ ಎಂದು ತಮ್ಮ ಪಾಸ್‌ವರ್ಡನ್ನೂ ಕೊಟ್ಟಿದ್ದರು. ಕೊಡಬಾರದಿತ್ತು. ನನ್ನನ್ನು ನಂಬಿ ಕೊಟ್ಟರು.

ನನಗಿದ್ದ ತಲೆನೋವು ಬೇರೆ. ಸರ್ವರ್ ಇದ್ದದ್ದು ನನ್ನ ಹಿಂದಿನ ಗಾಜಿನ ಕಪಾಟಿನಲ್ಲಿ. ಟೋಕನ್ನಿಗೆ ನಿಂತವರೆಲ್ಲ "ಕೆಂಪು ದೀಪ ಹತ್ತೈತಲ್ರೀ, ಮಷೀನ್ ಕೆಟ್ಟೈತಾ?" ಎನ್ನುವವರೇ. ಮೇಡಂಗೆ ರೇಗುತ್ತಿತ್ತು. "ಇನ್ನೊಂದ್ಸಲ ಆ ದೀಪ ನನ್ನ ಕಣ್ಣಿಗೆ ಬಿದ್ರೆ ನೀನು ಮನೆಗೆ ಹೋಗು" ಎಂದರು. ಮನೆಯಲ್ಲಿ ಕೆಲಸವಿದ್ದದ್ದು ನನಗೊಬ್ಬಳಿಗೇ. ನಾನು ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ದೀಪದ ಮೇಲೆ ಅಂಟಿಸಿದೆ.

ಗುರುವಾರ ಬಂದ ಅಣ್ಣ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಉಗುರಿನಿಂದ ಎಬ್ಬಿಸಿ ನನ್ನ ಕೈಗೇ ಕೊಟ್ಟರು. "ಬ್ಯಾಡ ತಂಗಿ. ಅದು ಹೇಳಾಕೆ ಅಂತ ಇರೋದು, ಹೇಳ್ಲಿ ಬಿಡು."

ಬಿಡಬೇಕಿತ್ತು. ನಾನು ಬಿಡಲಿಲ್ಲ. ಲಾಗ್ ಅಳಿಸಿದರೆ ದೀಪ ಹಸಿರಾಗುವುದನ್ನು, ಅವರು ಫೋಟೋ ತೆಗೆದಿಟ್ಟು ಅಳಿಸುವಾಗ ನೋಡಿಕೊಂಡಿದ್ದೆ. ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಮೇಡಂ ಬರುವ ಮೊದಲು, ಅಣ್ಣನ ಪಾಸ್‌ವರ್ಡ್ ಹಾಕಿ ಅಳಿಸತೊಡಗಿದೆ. ಮೂರು ತಿಂಗಳು ಹಸಿರೋ ಹಸಿರು. ಗುರುವಾರ ಬಂದ ಅಣ್ಣ ಖಾಲಿ ಲಾಗ್ ನೋಡಿ, "ಪರವಾಗಿಲ್ವೇ, ಸುಧಾರಿಸೈತೆ" ಎಂದು ನಾನು ತಂದಿಟ್ಟ ಟೀ ಕುಡಿದು ಹೋಗುತ್ತಿದ್ದರು. ಹೊಸ ರ‍್ಯಾಮ್ ಬರಲು ಬೇಕಿದ್ದ ದೂರುಗಳನ್ನೇ ನಾನು ಅಳಿಸುತ್ತಿದ್ದೇನೆಂದು ನನಗೆ ಆಗ ಹೊಳೆದಿರಲೂ ಇಲ್ಲ, ನಿಜ ಹೇಳಬೇಕೆಂದರೆ.

ಒಂದು ಶುಕ್ರವಾರ ಜನ ತುಂಬಿದ್ದ ಹೊತ್ತಿನಲ್ಲಿ ಸರ್ವರ್ ಗಕ್ಕನೆ ನಿಂತಿತು. ಕೆಳಗೆ ಸರಿಮಾಡಲಾಗದ ತಪ್ಪು ಬಂದು, ಏನೂ ಗೊತ್ತಿಲ್ಲದೆ ನಡೆಯುತ್ತಿದ್ದ ಆಪರೇಟಿಂಗ್ ಸಿಸ್ಟಮ್ಮಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲವನ್ನೂ ನಿಲ್ಲಿಸುವುದೊಂದೇ ಉಳಿದಿತ್ತಂತೆ. ಮತ್ತೆ ಹಚ್ಚಿದರೆ ಮೂರು ದಿನದ ರಿಪೋರ್ಟುಗಳು ಇಲ್ಲ. ಗೋವಿನಕೋವಿಯ ಮುದುಕರೊಬ್ಬರು ಇನ್ನೊಮ್ಮೆ ಉಪವಾಸ ಬಂದು ಸ್ಕ್ಯಾನ್ ಮಾಡಿಸಿಕೊಂಡರು. ಸೂರಗೊಂಡನಕೊಪ್ಪದ ಬಸುರಿ ಹೆಂಗಸು ಮತ್ತೆ ಎರಡು ಬಸ್ಸು ಬದಲಿಸಿ ಬಂದಳು. ನನ್ನನ್ನೇನೂ ಅನ್ನಲಿಲ್ಲ, ಪಾಪ.

ಮರುದಿನ ಕಂಪನಿಯಿಂದ ಒಬ್ಬ ಸಾಹೇಬರು ಬಂದರು. ಅಣ್ಣನನ್ನೂ ಕರೆಸಿದರು. ಲಾಗ್ ತೆರೆದರೆ ಹಳೆಯ ದೂರು ಒಂದೂ ಇಲ್ಲ, ಆದರೆ ಸಾಹೇಬರಷ್ಟೇ ತೆರೆಯಬಹುದಾದ ಇನ್ನೊಂದು ಪಟ್ಟಿಯಲ್ಲಿ ಅಳಿಸಿದ್ದರ ಗುರುತು ಉಳಿದಿತ್ತು. ಯಾರ ಪಾಸ್‌ವರ್ಡು, ಯಾವ ದಿನ, ಎಷ್ಟು ಗಂಟೆ... ಕೊನೆಯ ಸಲ ಅಳಿಸಿದ್ದು ಸೋಮವಾರ, ಒಂಬತ್ತು ಗಂಟೆ. ಅಣ್ಣ ಪರದೆ ನೋಡಿದರು. ಸೋಮವಾರ ಒಂಬತ್ತಕ್ಕೆ ತಾವು ಜಗಳೂರಿನಲ್ಲಿರುತ್ತಿದ್ದುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಸಲ ನನ್ನ ಕಡೆ ತಿರುಗಿದರು. ನಾನು ಕೈಯಲ್ಲಿದ್ದ ಟೋಕನ್ ಕಟ್ಟನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದೆ.

"ಹೌದು ಸಾರ್. ನಾನೇ ಅಳಿಸಿದ್ದು," ಎಂದರು.

ಅಯ್ಯೋ, ಒಂದೇ ಒಂದು ಮಾತು ಸಾಕಿತ್ತು. ಇಲ್ಲ ಸಾರ್, ನಾನು ಎಂದಿದ್ದರೆ ಸಾಕಿತ್ತು. ನನಗೆ ಬಾಯಿ ಬರಲಿಲ್ಲ. ಅವರ ಕೆಲಸ ಅವತ್ತೇ ಹೋಯಿತು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಳಬ್ಯಾಡ ತಂಗಿ. ಹೊಸ ರ‍್ಯಾಮ್ ಬರುತ್ತೆ ಈಗ," ಎಂದರು. ಬಂತು. ಮುಂದಿನ ವಾರವೇ ಬಂತು.

ಆಮೇಲೆ ಅವರು ಚನ್ನಗಿರಿಯ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಸೇರಿದರೆಂದು ಕೇಳಿದೆ. ಮದುವೆಯಾಗಿ ನ್ಯಾಮತಿಗೆ ಬಂದ ಮೇಲೆ ಒಮ್ಮೆ ಚನ್ನಗಿರಿ ಹಾಯುವಾಗ ಬಸ್ಸಿನ ಕಿಟಕಿಯಿಂದ ಕಂಡಿದ್ದರು. ತಲೆ ಬಗ್ಗಿಸಿ ಏನನ್ನೋ ಉಜ್ಜುತ್ತಿದ್ದರು. ಇಳಿಯೋಣವೆಂದುಕೊಂಡೆ... ಇಳಿಯಲಿಲ್ಲ. ಇವತ್ತು ನಾಳೆ ಎನ್ನುತ್ತಾ ಎಷ್ಟು ವರ್ಷ ದೂಡಿದೆನೋ. ಮುಚ್ಚಿಟ್ಟುಕೊಂಡು ಬದುಕುವುದೂ ಒಂದು ಕೆಲಸವೇ, ಅದರಲ್ಲೇ ಸುಸ್ತಾಗಿ ಹೋಗಿದ್ದೇನೆ.

ಮೊನ್ನೆ ಆ ರಬ್ಬರಿನ ವಾಸನೆ ಬಡಿದ ಮೇಲೆ ತಡೆಯಲಾಗಲಿಲ್ಲ. ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ. ಅವರು ತೀರಿಹೋಗಿ ಎರಡು ವರ್ಷ ಆಯಿತು ಎಂದರು. ಇನ್ಯಾರಿಗೆ ಹೇಳಲಿ? ಅವರ ಹೆಂಡತಿಗೇ ಹೇಳಿದೆ. ಹೊನ್ನಾಳಿ, ಕಿತ್ತಳೆ ದೀಪ, ಅಳಿಸಿದವಳು ನಾನು, ಎಲ್ಲವನ್ನೂ ತಡವರಿಸುತ್ತಾ ಹೇಳಿ ಮುಗಿಸಿದೆ.



"ಸೋಮವಾರದ ಹುಡುಗೀನಾ ನೀನು?" ಎಂದರು. "ಅವರ ಫೋನಿನಾಗೆ ನಿನ್ನ ಹೆಸರು ಹಂಗೇ ಐತವ್ವ. ನನ್ನ ಈ ನಂಬರ್ ತೆಗೆಸಬ್ಯಾಡ, ಒಂದಿನ ಆ ಹುಡುಗಿ ಫೋನ್ ಮಾಡ್ತಾಳೆ ಅಂತ ಹೇಳಿಟ್ಟು ಹೋಗ್ಯಾರೆ. ಅದಕ್ಕೇ ಇಟ್ಕಂಡಿದ್ದೆ."

ಇನ್ನು ತೆಗೆಸಬಹುದಾ, ಎಂದು ಕೇಳಿದರು. ನಾನು ಹೂಂ ಎಂದೆ.